ಹಾಜರಿ ಪುಸ್ತಕದಲ್ಲಿ ಹೆಸರಿದೆ, ತರಗತಿಯಲ್ಲಿ ಮಗಳಿಲ್ಲ

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಮಗಳಿಗೆ ಒಂಬತ್ತು ವರ್ಷ, ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತಾಳೆ. ಬಲಗೈ ಬಿಗಿಯಾಗಿದೆ. ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ. ಆದರೆ ಪಾಠ ಅರ್ಥವಾಗುತ್ತದೆ. ಅಕ್ಕನ ಪುಸ್ತಕದ ಲೆಕ್ಕಕ್ಕೂ ಬೆರಳಿಟ್ಟು ಉತ್ತರ ತೋರಿಸುತ್ತಾಳೆ. ಜಿಲ್ಲಾ ಆಸ್ಪತ್ರೆಯ ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ 55 ಎಂದಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇನ್ನೂ ಬಂದಿಲ್ಲ. ಈ ವರ್ಷ ಬಂದ ಮುಖ್ಯ ಶಿಕ್ಷಕರು, ‘ನಮ್ಮಲ್ಲಿ ವಿಶೇಷ ಶಿಕ್ಷಕರಿಲ್ಲ, ಬಿದ್ದರೆ ಯಾರು ಹೊಣೆ? ದಿನವೂ ಕಳುಹಿಸಬೇಡಿ. ಗೃಹಾಧಾರಿತ ಶಿಕ್ಷಣದಲ್ಲಿ ಹೆಸರು ಸೇರಿಸುತ್ತೇವೆ, ಹಾಜರಿ ನಾವು ನೋಡಿಕೊಳ್ಳುತ್ತೇವೆ’ ಎಂದಿದ್ದಾರೆ. ದೂರದ ಊರಿನ ವಸತಿಯುತ ವಿಶೇಷ ಶಾಲೆಗೆ ಸೇರಿಸುವುದೇ ಒಳ್ಳೆಯದು ಎಂದೂ ಹೇಳುತ್ತಾರೆ. ಸರ್ಕಾರ ಇಂಥ ಮಕ್ಕಳಿಗೆ ಎಲ್ಲ ಶಾಲೆಗಳಲ್ಲಿ ಜಾಗವಿದೆ ಎಂದು ಹೇಳುತ್ತದೆ. ಅದು ನಿಜವೋ, ಕಾಗದದ ಮಾತೋ? ನಾನು ಜಗಳ ಮಾಡಿದರೆ ಅದರ ಫಲ ಮಗಳು ಅನುಭವಿಸಬೇಕಾಗುತ್ತದೆಯೇ? ರಾತ್ರಿ ಮಲಗುವಾಗ ಅವಳು ‘ನಾಳೆ ಶಾಲೆ ಇದೆಯಾ’ ಎಂದು ಕೇಳುತ್ತಾಳೆ. ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಹೆಣೆದುಕೊಂಡಿವೆ. ಸರ್ಕಾರದ ಭರವಸೆಯನ್ನು ನಂಬಿ ಮಗಳ ವರ್ಷಗಳನ್ನು ಪಣಕ್ಕಿಡಬಹುದೇ ಎಂಬುದು ಒಂದು. ಹಕ್ಕು ಕೇಳಲು ಹೋಗಿ, ಈಗಿರುವ ಚೂರುಪಾರು ಸಹಾನುಭೂತಿಯನ್ನೂ ಕಳೆದುಕೊಂಡೇನೋ ಎಂಬುದು ಇನ್ನೊಂದು. ತಾಲ್ಲೂಕುಗಳಲ್ಲಿ ಸಮನ್ವಯ ಶಿಕ್ಷಣದ, ಅಂದರೆ ಅಂಗವಿಕಲ ಮಕ್ಕಳೂ ಎಲ್ಲರೊಡನೆ ಕಲಿಯುವ ವ್ಯವಸ್ಥೆಯ, ಸಂಪನ್ಮೂಲ ಶಿಕ್ಷಕಿಯಾಗಿ ಎರಡು ದಶಕ ಓಡಾಡಿದ್ದೇನೆ. ಈ ಎರಡನೆಯ ಚಿಂತೆಯೇ ತಾಯಂದಿರ ಬಾಯಿ ಕಟ್ಟಿಹಾಕುವುದನ್ನು ಅಲ್ಲೆಲ್ಲ ಕಂಡಿದ್ದೇನೆ. ಅದಕ್ಕೂ ಉತ್ತರವಿದೆ. ಆದರೆ ಮುಖ್ಯ ಶಿಕ್ಷಕರ ಮಾತಿನಲ್ಲಿ ಎಷ್ಟು ನಿಜ, ಎಷ್ಟು ತಪ್ಪು ತಿಳಿವಳಿಕೆ ಎಂಬುದನ್ನು ಮೊದಲು ಬಿಡಿಸಿಕೊಳ್ಳೋಣ.

ಗೃಹಾಧಾರಿತ ಶಿಕ್ಷಣದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮ ಮಗಳಿಗೆ ಈಗ ಎದುರಾಗಿರುವ ದೊಡ್ಡ ಅಪಾಯ ಅದೇ. 2009ರ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದಾಗ, ತೀವ್ರ ಅಥವಾ ಬಹುವಿಧ ಅಂಗವೈಕಲ್ಯವುಳ್ಳ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆಯ್ದುಕೊಳ್ಳಬಹುದು ಎಂದು ಸೇರಿಸಲಾಯಿತು. ‘ಆಯ್ದುಕೊಳ್ಳುವ ಹಕ್ಕು’ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಆಯ್ಕೆ ಮಗುವಿನದು, ಮಗುವಿನ ಪರವಾಗಿ ನಿಮ್ಮದು. ಶಾಲೆಗೆ ಮಗುವನ್ನು ಮನೆಗೆ ಕಳುಹಿಸುವ ಅಧಿಕಾರವನ್ನು ಆ ಕಾಯ್ದೆ ಎಲ್ಲಿಯೂ ಕೊಟ್ಟಿಲ್ಲ. ಹಾಸಿಗೆಯಿಂದ ಏಳಲಾಗದ, ಉಸಿರಾಟಕ್ಕೂ ನೆರವು ಬೇಕಿರುವ, ಪದೇ ಪದೇ ಆಸ್ಪತ್ರೆ ಸೇರುವ ಮಕ್ಕಳು ಸಂಪೂರ್ಣವಾಗಿ ಹೊರಗುಳಿಯಬಾರದು ಎಂಬುದು ಅದರ ಆಶಯ. ಗೋಡೆ ಹಿಡಿದು ನಡೆಯುವ, ಅಕ್ಕನ ಲೆಕ್ಕ ಬಿಡಿಸುವ ಹುಡುಗಿಯನ್ನು ಆ ಪಟ್ಟಿಗೆ ಸೇರಿಸುವುದು ಸರಿಯಲ್ಲ.

ಆ ಪಟ್ಟಿಗೆ ಹೆಸರು ಹೋದಮೇಲೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಒಂದು ತಾಲ್ಲೂಕಿನಲ್ಲಿ ನಡೆಯಬಲ್ಲ ಬಾಲಕಿಯೊಬ್ಬಳ ಹೆಸರು ಮೂರು ವರ್ಷ ಗೃಹಾಧಾರಿತ ಪಟ್ಟಿಯಲ್ಲಿತ್ತು. ಸಂಪನ್ಮೂಲ ಶಿಕ್ಷಕರು ತಿಂಗಳಿಗೆ ಎರಡು ಸಲ, ಒಮ್ಮೊಮ್ಮೆ ಒಂದೇ ಸಲ ಬಂದು ಹೋಗುತ್ತಿದ್ದರು. ಭೇಟಿ ಪುಸ್ತಕದಲ್ಲಿ ಸಹಿಗಳೆಲ್ಲ ಕ್ರಮಬದ್ಧವಾಗಿದ್ದವು. ಕಾಗದದಲ್ಲಿ ಅವಳು ಎರಡನೆಯ ತರಗತಿಯಿಂದ ಐದಕ್ಕೆ ಬಂದಿದ್ದಳು. ನಾನು ಹೋಗಿ ಕುಳಿತಾಗ ತನ್ನ ಹೆಸರಿನ ಮೊದಲ ಅಕ್ಷರವನ್ನಷ್ಟೇ ಗುರುತಿಸಿದಳು. ಅವಳ ಓರಗೆಯ ಮಕ್ಕಳ ಹೆಸರು ಕೇಳಿದೆ. ಒಂದೂ ಗೊತ್ತಿರಲಿಲ್ಲ. ಅಕ್ಷರ ಕಲಿಯದಿದ್ದುದಕ್ಕಿಂತ ಗೆಳತಿಯರಿಲ್ಲದ ಆ ಮೂರು ವರ್ಷ ನನ್ನನ್ನು ಹೆಚ್ಚು ಕಾಡಿದೆ. ಅಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಎಲ್ಲರಿಗೂ ಅದು ಸುಲಭದ ದಾರಿಯಾಗಿತ್ತು, ಅಷ್ಟೇ. ಆದ್ದರಿಂದ ಗೃಹಾಧಾರಿತ ಶಿಕ್ಷಣದ ಒಪ್ಪಿಗೆ ಪತ್ರ ಎಂಬ ಯಾವ ಕಾಗದಕ್ಕೂ ಈಗ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ, ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದು ಕೊಡಿ, ಅದಕ್ಕೆ ಅಡ್ಡಿಯಿಲ್ಲ.

‘ವಿಶೇಷ ಶಿಕ್ಷಕರಿಲ್ಲ’ ಎಂಬುದು ನಿಜ. ‘ಆದ್ದರಿಂದ ಮಗುವನ್ನು ಇಟ್ಟುಕೊಳ್ಳಲಾಗದು’ ಎಂಬುದು ನಿಜವಲ್ಲ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಶಾಲೆಗಳಿಗೆ ಅಭ್ಯಾಸವಾಗಿಬಿಟ್ಟಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. ಸರ್ಕಾರದಿಂದ ಅನುದಾನ ಪಡೆಯುವ ಶಾಲೆಗಳಷ್ಟೇ ಅಲ್ಲ, ಮಾನ್ಯತೆ ಪಡೆದ ಎಲ್ಲ ಶಾಲೆಗಳೂ ಸಮನ್ವಯ ಶಿಕ್ಷಣ ನೀಡುವಂತೆ ಸರ್ಕಾರ ಪ್ರಯತ್ನಿಸಬೇಕೆಂದು ಅದರ 16ನೆಯ ಕಲಂ ಹೇಳುತ್ತದೆ. ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು. ಕಟ್ಟಡ ಮತ್ತು ಆವರಣ ಮಗುವಿನ ಕೈಗೆಟುಕುವಂತಿರಬೇಕು. ಆ ಮಗುವಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡಬೇಕು. ಓಡಾಟದ ವ್ಯವಸ್ಥೆ, ಹೆಚ್ಚಿನ ನೆರವು ಬೇಕಿರುವ ಮಗುವಿಗಾದರೆ ಜೊತೆಗಾರರ ಓಡಾಟದ ವ್ಯವಸ್ಥೆಯೂ ಅದರಲ್ಲಿ ಬರುತ್ತದೆ. ವಿಶೇಷ ಶಿಕ್ಷಕರು ಬಂದ ಮೇಲೆ ಮಾತ್ರ ಇವೆಲ್ಲ ಅನ್ವಯವಾಗುತ್ತವೆ ಎಂದು ಎಲ್ಲೂ ಬರೆದಿಲ್ಲ.

ವಿಶೇಷ ಶಿಕ್ಷಕರ ಕೊರತೆ ಶಾಲೆಯ ತಪ್ಪಲ್ಲ, ಸರ್ಕಾರದ ಬಾಕಿ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯದಲ್ಲಿ ತೀರ್ಪು ನೀಡಿತು. ಅನಂತರ ಕೇಂದ್ರ ಸರ್ಕಾರ 2022ರಲ್ಲಿ ಪ್ರಮಾಣ ಗೊತ್ತುಪಡಿಸಿತು: ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕು. ಹುದ್ದೆಗಳ ಸಂಖ್ಯೆಯನ್ನು ಅಧಿಸೂಚಿಸಿ ನೇಮಕಾತಿ ನಡೆಸಿ ಎಂದು 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಾಲ್ಕು ವರ್ಷಗಳೊಳಗೆ ಒಂದೇ ಮಾತನ್ನು ಎರಡು ಸಲ ಹೇಳಬೇಕಾಗಿ ಬಂದದ್ದೇ ಪರಿಸ್ಥಿತಿ ಏನೆಂಬುದನ್ನು ಹೇಳುತ್ತದೆ. ನಮ್ಮಲ್ಲಿ ಈ ಕೆಲಸದ ಬಹುಪಾಲು ಹೊರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿಗಳ ಮೇಲಿದೆ. ಬೆರಳೆಣಿಕೆಯ ಶಿಕ್ಷಕರು ಇಡೀ ತಾಲ್ಲೂಕು ಸುತ್ತಬೇಕು. ನಾನೂ ಆ ಸುತ್ತಾಟದಲ್ಲಿ ಸವೆದವಳು. ಸೋಮವಾರ ನೋಡಿದ ಮಗುವನ್ನು ಮತ್ತೆ ನೋಡಲು ಮೂರು ವಾರ ಬೇಕಾಗುತ್ತಿತ್ತು.

ಯುಡಿಐಡಿ ಕಾರ್ಡಿನ ಮಾತಿಗೆ ಹೆಚ್ಚು ಹೊತ್ತು ಬೇಕಿಲ್ಲ. ತರಗತಿಯಲ್ಲಿ ಕೂರಲು, ಪಾಠ ಕೇಳಲು, ಬಿಸಿಯೂಟ ಉಣ್ಣಲು ಯಾವ ಕಾರ್ಡೂ ಬೇಡ. ಸಲಕರಣೆ, ಪ್ರೋತ್ಸಾಹಧನ, ಮುಂದೆ ಪರೀಕ್ಷೆಯ ರಿಯಾಯಿತಿಗಳಿಗೆ ಬೇಕಾಗುತ್ತದೆ. ಅರ್ಜಿ ಸಂಖ್ಯೆ ಇಟ್ಟುಕೊಂಡು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸುತ್ತಿರಿ. ನಿಮ್ಮ ಊರಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದರಲ್ಲಿ ನೆರವಾಗಬಲ್ಲರು. ಶೇ 55 ಇರುವುದರಿಂದ ಅವಳು ಕಾಯ್ದೆ ಹೇಳುವ ಶೇ 40ರ ಗೆರೆಯ ಮೇಲಿದ್ದಾಳೆ. ಆ ಗೆರೆ ದಾಟಿದ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಅದೂ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ, ಅವರ ಇಚ್ಛೆಯಂತೆ. ಇದನ್ನು ಓದುತ್ತಿರುವ ಬೇರೆ ಪೋಷಕರಿಗಾಗಿ ಒಂದು ಮಾತು ಸೇರಿಸುತ್ತೇನೆ: ಶೇ 40ಕ್ಕಿಂತ ಕಡಿಮೆ ಎಂದು ಬರೆದ ಮಾತ್ರಕ್ಕೆ ಮಗುವಿನ ಎಲ್ಲ ಹಕ್ಕೂ ಹೋಗುವುದಿಲ್ಲ. ಸೂಕ್ತ ಹೊಂದಾಣಿಕೆ ಕೇಳಲು ಆ ಪ್ರಮಾಣ ಅಡ್ಡಿಯಲ್ಲವೆಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇನ್ನು ‘ಬಿದ್ದರೆ ಯಾರು ಹೊಣೆ?’ ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅದು ನಿಜವಾದ ಭಯ. ಶಿಕ್ಷಕರಾಗುವ ತರಬೇತಿಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಎತ್ತುವುದು ಹೇಗೆ, ಕೂರಿಸುವುದು ಹೇಗೆ, ಮಗುವಿಗೆ ಫಿಟ್ಸ್ ಬಂದರೆ ಏನು ಮಾಡಬೇಕು ಎಂದು ಅವರಿಗೆ ಯಾರೂ ಕೈಹಿಡಿದು ತೋರಿಸಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಭಯ, ಏನಾದರೂ ಆದರೆ ಊರವರು ಬೈಯುವ ಭಯ, ಮೇಲಧಿಕಾರಿಗಳು ಕೈಬಿಡುವ ಭಯ. ಇದು ಕಾಯ್ದೆಯ ಕಲಂ ಓದಿ ಹೇಳಿದರೆ ಹೋಗುವಂಥದ್ದಲ್ಲ. ನೀವು ಒಂದು ದಿನ ಶಾಲೆಯಲ್ಲಿ ಕುಳಿತು, ಅವಳು ಹೇಗೆ ಏಳುತ್ತಾಳೆ, ಎಲ್ಲಿ ಹಿಡಿದರೆ ಅನುಕೂಲ, ಎಲ್ಲಿ ಹಿಡಿದರೆ ಅವಳಿಗೆ ನೋವು ಎಂದು ಶಿಕ್ಷಕರಿಗೆ ತೋರಿಸಿದರೆ ಅರ್ಧ ಭಯ ಹೋಗುತ್ತದೆ. ಅವಳಿಗೆ ಫಿಟ್ಸ್ ಇದ್ದರೆ ವೈದ್ಯರಿಂದ ಒಂದು ಪುಟದ ಸೂಚನೆ ಬರೆಸಿ ಶಾಲೆಗೆ ಕೊಡಿ. ಇಲ್ಲದಿದ್ದರೆ ಇಲ್ಲವೆಂದು ಬಾಯಿಬಿಟ್ಟು ಹೇಳಿ, ಎಷ್ಟೋ ಶಿಕ್ಷಕರು ಇದ್ದೇ ಇರುತ್ತದೆ ಎಂದುಕೊಂಡಿರುತ್ತಾರೆ. ಮಾತು ಸ್ಪಷ್ಟವಿಲ್ಲದ ಮಗುವಿಗೆ ಬುದ್ಧಿಯೂ ಕಡಿಮೆ ಎಂಬ ಊಹೆಯೂ ಹೀಗೆಯೇ ಬೇರೂರಿದೆ. ಸೆರೆಬ್ರಲ್ ಪಾಲ್ಸಿ ಮಿದುಳಿನಲ್ಲಿ ಚಲನೆಯನ್ನು ನಿಯಂತ್ರಿಸುವ ಭಾಗಕ್ಕೆ ಆದ ಪೆಟ್ಟು. ಅದು ಹರಡುವುದಿಲ್ಲ, ಮಿದುಳಿಗಾದ ಆ ಪೆಟ್ಟು ವರ್ಷದಿಂದ ವರ್ಷಕ್ಕೆ ಹೆಚ್ಚುವುದೂ ಇಲ್ಲ. ಈ ಸ್ಥಿತಿಯಿರುವ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಬೌದ್ಧಿಕ ತೊಂದರೆ ಇರುವುದಿಲ್ಲ. ನಿಮ್ಮ ವಿವರಣೆ ನೋಡಿದರೆ ಮಗಳು ಅವರಲ್ಲೊಬ್ಬಳು. ಉತ್ತರ ಅವಳ ತಲೆಯಲ್ಲಿದೆ, ಅದು ಹೊರಬರಲು ದಾರಿ ಬೇಕಾಗಿದೆ.

ಸರ್ಕಾರದ ಮಾತು ನಿಜವೋ ಎಂದು ಕೇಳಿದ್ದೀರಿ. ನಿಜ, ಮತ್ತು ಅದು ಹಳೆಯದು. 1974ರಲ್ಲೇ ಇಂಥ ಮಕ್ಕಳನ್ನು ಸಾಮಾನ್ಯ ಶಾಲೆಗೆ ತರುವ ಕೇಂದ್ರ ಯೋಜನೆ ಇತ್ತು. 1995ರಲ್ಲಿ ಕಾಯ್ದೆಯಾಯಿತು. 2007ರ ಅಕ್ಟೋಬರ್‌ನಲ್ಲಿ ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿತು. 2016ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. 2018ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇದಕ್ಕಾಗಿ ಪ್ರತ್ಯೇಕ ಬಾಬತ್ತು ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಮಾತು ಹೇಳಿದೆ. ಮಾತು ಕೊಡುವುದರಲ್ಲಿ ನಮ್ಮ ಸರ್ಕಾರಗಳು ಹಿಂದೆ ಬಿದ್ದಿಲ್ಲ. ಆದರೆ ಈ ಭರವಸೆಗಳೆಲ್ಲ ‘ಮಕ್ಕಳು’ ಎಂಬ ಬಹುವಚನಕ್ಕೆ ಕೊಟ್ಟವು. ನಿಮ್ಮ ಶಾಲೆಯ ಮೂರನೆಯ ತರಗತಿಯ ಎರಡನೆಯ ಸಾಲಿನಲ್ಲಿ ಕೂರುವ ಒಬ್ಬಳಿಗೆ ಏನು ಬೇಕು ಎಂದು ಯಾರಾದರೂ ಬರೆದಿಡುವವರೆಗೆ ಅವು ಅವಳನ್ನು ಮುಟ್ಟುವುದಿಲ್ಲ.

ಮುಟ್ಟದಿರಲು ಕಾರಣಗಳಿವೆ. ಮಗು ಮೂರು ಇಲಾಖೆಗಳ ನಡುವೆ ಹಂಚಿಹೋಗಿದೆ. ಪ್ರಮಾಣಪತ್ರ ಆರೋಗ್ಯ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು, ವಿಶೇಷ ಶಾಲೆಗಳು ಮತ್ತು ಹಲವು ಸೌಲಭ್ಯಗಳು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯವು. ಒಂದು ಕಚೇರಿಯ ಕಡತ ಇನ್ನೊಂದು ಕಚೇರಿಗೆ ತಾನಾಗಿ ನಡೆದು ಹೋಗುವುದಿಲ್ಲ, ತಾಯಿಯೇ ಹೊತ್ತು ತಿರುಗಬೇಕು.

ಇನ್ನೊಂದು ಕಾರಣ ಯಾರ ಕಣ್ಣಿಗೂ ಬೀಳದ್ದು, ನೀವು ಈ ವಾರವೇ ನೋಡಬೇಕಾದದ್ದು. ಸಮಗ್ರ ಶಿಕ್ಷಣದ ಹಣ ಮಕ್ಕಳ ಲೆಕ್ಕದ ಮೇಲೆ ಬರುತ್ತದೆ. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಎಂಬುದು ಯೋಜನೆಯ ಮಾನದಂಡ. ಅದು ನಗದಾಗಿ ನಿಮ್ಮ ಕೈಗೆ ಬರುವ ಹಣವಲ್ಲ, ಸಲಕರಣೆ, ಚಿಕಿತ್ಸೆ, ಓಡಾಟ, ಕಲಿಕಾ ಸಾಮಗ್ರಿಗಳ ಒಟ್ಟು ಬಾಬತ್ತು. ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳ ಪ್ರೋತ್ಸಾಹಧನ ಬೇರೆ ಇದೆ. ಇದೆಲ್ಲ ಯೋಜನೆಯಾಗುವುದು ಶಾಲೆ ತುಂಬುವ ಮಾಹಿತಿಯಿಂದ. ನಿಮ್ಮ ಮಗಳ ದಾಖಲೆಯಲ್ಲಿ ಅಂಗವೈಕಲ್ಯದ ಅಂಕಣ ಖಾಲಿ ಬಿಟ್ಟಿದ್ದರೆ ಅಥವಾ ತಪ್ಪು ಬಗೆ ನಮೂದಾಗಿದ್ದರೆ, ಬಜೆಟ್ಟಿನ ಪಾಲಿಗೆ ಅವಳು ಹುಟ್ಟಿಯೇ ಇಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ‘ಬುದ್ಧಿಮಾಂದ್ಯ’ ಎಂದು ತುಂಬಿದ್ದನ್ನು ಒಂದಲ್ಲ, ಹತ್ತಾರು ಕಡೆ ತಿದ್ದಿಸಿದ್ದೇನೆ. ಶಾಲೆಗೆ ಹೋಗಿ ವಿದ್ಯಾರ್ಥಿ ಮಾಹಿತಿಯ ಮುದ್ರಿತ ಪ್ರತಿ ಕೇಳಿ, ಪ್ರಮಾಣಪತ್ರದೊಂದಿಗೆ ಹೋಲಿಸಿ ನೋಡಿ.

ಈಗ ತರಗತಿಯೊಳಗೆ ಬರೋಣ. ಶಾಲೆಗೆ ನೀವು ಕೇಳಬೇಕಾದದ್ದು ‘ಸೌಲಭ್ಯ’ವಲ್ಲ, ಹೆಸರಿಟ್ಟು ಕೇಳಬಹುದಾದ ನಾಲ್ಕಾರು ವಸ್ತುಗಳು ಮತ್ತು ಪದ್ಧತಿಗಳು.

ಮೊದಲನೆಯದು ಕುರ್ಚಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಪಾದ ನೆಲಕ್ಕೆ ತಾಗದೆ ತೂಗಾಡುತ್ತಿದ್ದರೆ, ಅದರ ಶಕ್ತಿಯೆಲ್ಲ ಬೀಳದಂತೆ ಕೂರುವುದಕ್ಕೇ ಖರ್ಚಾಗುತ್ತದೆ. ಕೈ ಬಿಗಿಯುತ್ತದೆ, ತಲೆ ವಾಲುತ್ತದೆ, ಮಾತು ಮತ್ತಷ್ಟು ಅಸ್ಪಷ್ಟವಾಗುತ್ತದೆ. ಪಾದ ಪೂರ್ತಿ ಊರುವಂತೆ, ಮೊಣಕಾಲು ಮತ್ತು ಸೊಂಟ ಲಂಬಕೋನದಲ್ಲಿ ಇರುವಂತೆ ಕೂರಿಸಿದರೆ ಅದೇ ಕೈ ಸಡಿಲಗೊಂಡು ಪೆನ್ಸಿಲ್ ಹಿಡಿಯುತ್ತದೆ. ಒಮ್ಮೆ ಊರಿನ ಬಡಗಿಯೊಬ್ಬರು ಹಳೆಯ ಬೆಂಚಿನ ಹಲಗೆಯಿಂದ ಕಾಲುಮಣೆ ಮಾಡಿ, ಮೇಜಿನ ಅಂಚನ್ನು ಹೊಟ್ಟೆಯ ಆಕಾರಕ್ಕೆ ಅರ್ಧಚಂದ್ರದಂತೆ ಕೊರೆದು ಕೊಟ್ಟರು. ಹುಡುಗ ಮೊಣಕೈಗಳನ್ನು ಅದರ ಮೇಲೆ ಊರಿ ಕುಳಿತ ದಿನವೇ ಮೊದಲ ಬಾರಿಗೆ ಗೆರೆಯೊಳಗೆ ಬರೆದ. ಆತನ ಶಿಕ್ಷಕಿ ಎರಡು ವರ್ಷದಿಂದ ಅವನಿಗೆ ಬರೆಯಲು ಬರುವುದೇ ಇಲ್ಲ ಎಂದುಕೊಂಡಿದ್ದರು. ಸಮಗ್ರ ಶಿಕ್ಷಣದಡಿ ತಾಲ್ಲೂಕು ಮಟ್ಟದಲ್ಲಿ ನಡೆಯುವ ವೈದ್ಯಕೀಯ ಮೌಲ್ಯಾಂಕನ ಶಿಬಿರದಲ್ಲಿ ವಿಶೇಷ ಕುರ್ಚಿಗೆ, ನಡೆಯಲು ವಾಕರಿಗೆ ಹೆಸರು ಬರೆಸಿ. ಇವನ್ನು ತಯಾರಿಸುವ ಕೇಂದ್ರ ಸರ್ಕಾರದ ಅಲಿಮ್ಕೊ ಸಂಸ್ಥೆಯ ಸಲಕರಣೆ ಬರಲು ತಿಂಗಳುಗಳೇ ಹಿಡಿಯಬಹುದು, ಅಲ್ಲಿಯವರೆಗೆ ಬಡಗಿಯ ಮನೆಗೆ ಹೋಗಿ.

ಎರಡನೆಯದು ಉತ್ತರಿಸುವ ದಾರಿ. ಮಾತು ಶಿಕ್ಷಕರಿಗೆ ತಿಳಿಯದಿದ್ದರೆ ತೋರಿಸುವ ಮೂಲಕ ಹೇಳಲಿ. ಒಂದು ರಟ್ಟಿನ ಮೇಲೆ ಹೌದು, ಇಲ್ಲ, ನೀರು, ಶೌಚಾಲಯ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ ಎಂಬ ಮಾತುಗಳು, ಅಂಕಿಗಳು, ವರ್ಣಮಾಲೆ. ಎಡಗೈಯಿಂದ ತೋರಿಸಿದರೆ ಸಾಕು. ಮನೆಯಲ್ಲಿ ಅವಳು ಬೆರಳಿಟ್ಟು ಲೆಕ್ಕ ಹೇಳುವುದು ಇದೇ ವಿಧಾನ, ಅದನ್ನು ಶಾಲೆಗೆ ದಾಟಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಸಂವಹನ ಸಾಧನಗಳ ಬಗ್ಗೆ ಪರಿಣತರಿದ್ದಾರೆ. ಒಮ್ಮೆ ಹೋಗಿ ಬರಲು ಸಾಧ್ಯವಾದರೆ ಹೋಗಿ, ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ವಾಕ್ ಚಿಕಿತ್ಸಕರನ್ನು ಕಾಣಿ. ಪರೀಕ್ಷೆಯಲ್ಲಿ ಬರೆಯುವ ಬದಲು ತೋರಿಸಿ ಉತ್ತರಿಸಲು, ಹೆಚ್ಚಿನ ಸಮಯ ಪಡೆಯಲು ಈಗಿನಿಂದಲೇ ಕೇಳಿ. ಪಠ್ಯಕ್ರಮ ಮತ್ತು ಪರೀಕ್ಷೆಯಲ್ಲಿ ಬದಲಾವಣೆ, ಬರಹಗಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಎಲ್ಲವೂ 2016ರ ಕಾಯ್ದೆಯ 17ನೆಯ ಕಲಮಿನಲ್ಲಿವೆ. ಹತ್ತನೆಯ ತರಗತಿಯಲ್ಲಿ ಇವನ್ನು ಒಮ್ಮೆಲೇ ಕೇಳುವ ಪೋಷಕರು ಪರದಾಡುತ್ತಾರೆ. ಮೂರನೆಯ ತರಗತಿಯಿಂದ ದಾಖಲೆ ಇದ್ದರೆ ಆಗ ತಕರಾರು ಬರುವುದಿಲ್ಲ.

ಮೂರನೆಯದು ಶೌಚಾಲಯ. ಹಿಡಿಕೆ, ಕೂರಬಹುದಾದ ಆಸನ, ನೆರವಿಗೆ ಒಬ್ಬ ಮಹಿಳೆ. ಹೆಣ್ಣುಮಕ್ಕಳು ಶಾಲೆ ಬಿಡುವುದಕ್ಕೆ ಬಾಯಿಬಿಟ್ಟು ಹೇಳದ ಕಾರಣ ಬಹಳ ಕಡೆ ಇದೇ. ಬೆಳಿಗ್ಗೆಯಿಂದ ನೀರು ಕುಡಿಯದೆ ಕೂರುವ ಮಕ್ಕಳನ್ನು ಕಂಡಿದ್ದೇನೆ. ಒಂಬತ್ತಕ್ಕೆ ಸಹಿಸಿಕೊಂಡದ್ದು ಹನ್ನೆರಡಕ್ಕೆ ಅಸಾಧ್ಯವಾಗುತ್ತದೆ. ಇಳಿಜಾರು ಕಟ್ಟಿಸುವುದಾದರೆ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಜೊತೆಗೆ ಹಿಡಿಕಂಬಿ. ಮೂರು ಮೆಟ್ಟಿಲಿನ ಎತ್ತರಕ್ಕೆ ನಾಲ್ಕಡಿ ಉದ್ದದ ಇಳಿಜಾರು ಕಟ್ಟಿ ಬಿಲ್ಲು ಪಾಸು ಮಾಡಿಸಿಕೊಂಡ ಶಾಲೆಗಳಿವೆ, ಅದರಲ್ಲಿ ಗಟ್ಟಿಮುಟ್ಟಾದ ಮಕ್ಕಳೇ ಜಾರಿ ಬೀಳುತ್ತಾರೆ.

ನಿಮ್ಮ ಮುಂದಿರುವ ದಾರಿಗಳನ್ನು ಈಗ ತೂಗೋಣ. ಇದೇ ಶಾಲೆಯಲ್ಲಿ ಉಳಿಸಿ ಮೇಲಿನವನ್ನು ಕೇಳುವುದು ನನ್ನ ಮೊದಲ ಸಲಹೆ. ಅದರ ಅಪಾಯವನ್ನೂ ಮುಚ್ಚಿಡುವುದಿಲ್ಲ. ಕೇಳಿದ್ದೆಲ್ಲ ಬರಲು ಒಂದು ಶೈಕ್ಷಣಿಕ ವರ್ಷವೇ ಹೋಗಬಹುದು. ಕೆಲವು ಬರದೇ ಇರಬಹುದು. ಸೂಕ್ತ ಹೊಂದಾಣಿಕೆ ಎಂದರೆ ಸಂಸ್ಥೆಗೆ ಮಿತಿಮೀರಿದ ಹೊರೆಯಾಗದ ಮಾರ್ಪಾಡು ಎಂದೇ ಕಾಯ್ದೆಯಲ್ಲಿದೆ, ಆದ್ದರಿಂದ ಚಿಕ್ಕ ಶಾಲೆಯಿಂದ ಪೂರ್ಣಾವಧಿಯ ಆಯಾ ಕೇಳಿದರೆ ಇಲ್ಲವೆನ್ನಬಹುದು. ಆದರೆ ಕಾಲುಮಣೆ, ರಟ್ಟಿನ ಹಲಗೆ, ಮುಂದಿನ ಸಾಲು, ತರಗತಿಯನ್ನು ನೆಲಮಹಡಿಗೆ ತರುವುದು ಇವು ಯಾವ ಶಾಲೆಗೂ ಹೊರೆಯಲ್ಲ.

ವಸತಿಯುತ ವಿಶೇಷ ಶಾಲೆಯನ್ನು ನಾನು ಕೆಟ್ಟದ್ದು ಎನ್ನುವುದಿಲ್ಲ. ಕಿವುಡ ಮಗುವಿಗೆ ಸನ್ನೆ ಭಾಷೆ ಬಲ್ಲ ಗೆಳೆಯರ ನಡುವೆ ಬೆಳೆಯುವುದು ದೊಡ್ಡ ವರ. ಆದರೆ ನಿಮ್ಮ ಮಗಳ ವಿಷಯದಲ್ಲಿ ನನಗೆ ಅನುಮಾನವಿದೆ. ನಮ್ಮಲ್ಲಿ ಹೆಚ್ಚಿನ ವಿಶೇಷ ಶಾಲೆಗಳು ದೃಷ್ಟಿ, ಶ್ರವಣ ಅಥವಾ ಬೌದ್ಧಿಕ ತೊಂದರೆಯ ಮಕ್ಕಳಿಗಾಗಿ ರೂಪುಗೊಂಡವು. ಅರ್ಥಮಾಡಿಕೊಳ್ಳಬಲ್ಲ, ಆದರೆ ಕೈಯೂ ಮಾತೂ ಸಾಗದ ಮಗು ಅಲ್ಲಿ ತನ್ನ ಮಟ್ಟಕ್ಕಿಂತ ಕೆಳಗಿನ ಪಾಠದಲ್ಲೇ ವರ್ಷ ಕಳೆಯುವ ಸಾಧ್ಯತೆ ಇದೆ. ಹೋಗಿ ನೋಡುವುದಾದರೆ ಮುಂಚಿತವಾಗಿ ತಿಳಿಸದೆ ಹೋಗಿ. ರಾಜ್ಯ ಪಠ್ಯಕ್ರಮ ಕಲಿಸುತ್ತಾರೆಯೇ? ಅಲ್ಲಿಂದ ಎಷ್ಟು ಮಕ್ಕಳು ಎಸ್‌ಎಸ್‌ಎಲ್‌ಸಿ ಬರೆದಿದ್ದಾರೆ? ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ? ರಾತ್ರಿ ಹೆಣ್ಣುಮಕ್ಕಳ ಕೋಣೆಯ ಬಳಿ ಯಾರಿರುತ್ತಾರೆ? ಪೋಷಕರು ಯಾವಾಗ ಬೇಕಾದರೂ ಬರಬಹುದೇ? ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ ತಡವರಿಸಿದರೆ ಅಲ್ಲಿಂದಲೇ ಹಿಂದಿರುಗಿ. ಮಾತು ಸ್ಪಷ್ಟವಿಲ್ಲದ ಹುಡುಗಿ ತನಗಾದದ್ದನ್ನು ಹೇಳಲಾರಳು ಎಂಬುದನ್ನು ಕೆಡುಕರು ಬಲ್ಲರು.

ನಡುವಿನ ದಾರಿಯೂ ಇದೆ. ವಾರಕ್ಕೆ ಒಂದು ದಿನ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಫಿಸಿಯೊಥೆರಪಿ, ಉಳಿದ ದಿನ ಶಾಲೆ. ಇದು ಅವಳಿಗೆ ಒಪ್ಪಬಹುದು. ಒಂದು ಎಚ್ಚರ: ಆ ಒಂದು ದಿನ ಎರಡಾಗಿ, ಎರಡು ಮೂರಾಗಿ, ಕೊನೆಗೆ ಶಾಲೆಯೇ ಒಂದು ದಿನವಾಗುವುದನ್ನು ನೋಡಿದ್ದೇನೆ. ದಿನ ಯಾವುದೆಂದು ಬರೆದು ಗೊತ್ತುಮಾಡಿಕೊಳ್ಳಿ. ಖಾಸಗಿ ಶಾಲೆಗೂ ಇದೇ ಕಾಯ್ದೆ ಅನ್ವಯಿಸುತ್ತದೆ. ಆದರೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವಲ್ಲಿ ಖಾಸಗಿ ಶಾಲೆಯ ಆರ್‌ಟಿಇ ಸೀಟು ಸಿಗದಂತೆ 2019ರಿಂದ ರಾಜ್ಯದ ನಿಯಮ ಬದಲಾಗಿದೆ, ಹಾಗಾಗಿ ಶುಲ್ಕ ನಿಮ್ಮ ಮೇಲೆಯೇ ಬೀಳುತ್ತದೆ.

ಕೇಳುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಜಗಳ ಬೇಡ, ಪತ್ರ ಬರೆಯಿರಿ. ಎರಡೂ ಒಂದೇ ಎಂದು ಅನೇಕರು ಭಾವಿಸುತ್ತಾರೆ, ಹಾಗಲ್ಲ. ಮುಖ್ಯ ಶಿಕ್ಷಕರಿಗೆ ಒಂದು ಪುಟದ ಮನವಿ ಕೊಡಿ. ಮಗಳು ಪ್ರತಿದಿನ ಶಾಲೆಗೆ ಬರುತ್ತಾಳೆ, ಗೃಹಾಧಾರಿತ ಶಿಕ್ಷಣವನ್ನು ನಾವು ಆಯ್ದುಕೊಂಡಿಲ್ಲ, 2016ರ ಕಾಯ್ದೆಯ 16ನೆಯ ಕಲಮಿನಂತೆ ಈ ಏರ್ಪಾಡುಗಳನ್ನು ಕೋರುತ್ತೇವೆ ಎಂದು ಬರೆಯಿರಿ. ‘ಬಿಐಇಆರ್‌ಟಿಯವರ ಭೇಟಿಗೆ ತಾವು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಪತ್ರ ಬರೆಯಬೇಕು’ ಎಂಬ ಸಾಲು ಅದರಲ್ಲಿರಲಿ. ಈ ಸಾಲು ಮುಖ್ಯ ಶಿಕ್ಷಕರನ್ನು ಕಟಕಟೆಯಲ್ಲಿ ನಿಲ್ಲಿಸುವುದಿಲ್ಲ, ಅವರ ಕೈಗೂ ಒಂದು ಆಧಾರ ಕೊಡುತ್ತದೆ. ‘ನನಗೆ ನೆರವು ಬೇಕು’ ಎಂದು ಮೇಲಕ್ಕೆ ಬರೆದ ಮುಖ್ಯ ಶಿಕ್ಷಕರನ್ನು ಬಿದ್ದರೆ ಹೊಣೆ ಯಾರೆಂಬ ಭಯ ಅಷ್ಟಾಗಿ ಕಾಡುವುದಿಲ್ಲ. ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು, ದಿನಾಂಕ ಪಡೆಯಿರಿ. ಸಹಿ ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಪರಿಚಯದ ಒಬ್ಬ ತಾಯಿಯಿದ್ದರೆ ಸಭೆಯಲ್ಲಿ ವಿಷಯ ಎತ್ತಲು ಹೇಳಿ.

ಒಂದು ತಿಂಗಳಲ್ಲಿ ಏನೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅನಂತರ ಜಿಲ್ಲೆಯ ಉಪನಿರ್ದೇಶಕರ ಕಚೇರಿಗೆ ಹೋಗಿ. ಅಂಗವಿಕಲ ಮಕ್ಕಳ ಪ್ರವೇಶ ಮತ್ತು ಸೌಲಭ್ಯಗಳ ವಿಷಯ ನೋಡಲೆಂದೇ ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು 2017ರ ಕೇಂದ್ರ ನಿಯಮಗಳು ಹೇಳುತ್ತವೆ. ಅವರ ಹೆಸರು ಕೇಳಿ ಪಡೆಯಿರಿ. ಹೆಸರು ಕೇಳುವುದರಿಂದಲೇ ಕೆಲವು ಕಚೇರಿಗಳಲ್ಲಿ ಕಡತ ಕದಲಿದೆ. ಅದಕ್ಕೂ ಮೇಲೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ. ದೂರು ಲಿಖಿತವಾಗಿ ಕಳುಹಿಸಬಹುದು. ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡೆವೆಂದು ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಸಿಗುತ್ತಾರೆ. ಅಂಗವಿಕಲರಿಗೂ ಮಕ್ಕಳಿಗೂ ಅದಕ್ಕೆ ಆದಾಯದ ಮಿತಿ ಇಲ್ಲ. ಕಾಯ್ದೆಯಲ್ಲಿ ದಂಡವೂ ಇದೆ, ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ. ಆದರೆ ಮೊದಲ ಭೇಟಿಯಲ್ಲೇ ದಂಡದ ಮಾತೆತ್ತಿದ ಪೋಷಕರಿಗೆ ಕಾಲುಮಣೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಫಲ ಮಗಳು ಅನುಭವಿಸಬೇಕಾದೀತೇ ಎಂದಿರಿ. ಆಗುವುದೇ ಇಲ್ಲ ಎಂದು ಮಾತು ಕೊಡಲಾರೆ. ಕೆಲವು ಕಡೆ ಶಿಕ್ಷಕರು ಮುಖ ಗಂಟುಹಾಕಿಕೊಂಡದ್ದುಂಟು, ಮಗುವನ್ನು ಮೂಲೆಯಲ್ಲಿ ಕೂರಿಸಿದ್ದೂ ಉಂಟು. ಅದನ್ನು ತಡೆದದ್ದು ಬಹುಪಾಲು ತರಗತಿಯ ಮಕ್ಕಳೇ. ಪಕ್ಕ ಕೂರುವ ಇಬ್ಬರು ಗೆಳತಿಯರನ್ನು ಒಮ್ಮೆ ಮನೆಗೆ ಕರೆಯಿರಿ, ಮಗಳ ರಟ್ಟಿನ ಹಲಗೆಯಲ್ಲಿ ಮಾತಾಡುವುದನ್ನು ಅವರಿಗೆ ಕಲಿಸಿ. ದೊಡ್ಡವರಿಗೆ ತಿಂಗಳು ಬೇಕಾದದ್ದು ಮಕ್ಕಳಿಗೆ ಒಂದು ಮಧ್ಯಾಹ್ನ ಸಾಕು. ಅವಳ ಮಾತನ್ನು ಶಿಕ್ಷಕರಿಗೆ ತಿಳಿಸಿ ಹೇಳುವವರು ಅವರೇ ಆಗುತ್ತಾರೆ, ಏನಾದರೂ ನಡೆದರೆ ನಿಮಗೆ ಹೇಳುವವರೂ ಅವರೇ.

ಪತ್ರದ ಕೆಲಸ ಮುಗಿಯುವವರೆಗೆ ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಸತತ ಗೈರುಹಾಜರಿಯೇ ಗೃಹಾಧಾರಿತ ಪಟ್ಟಿಗೆ ಹೆಸರು ಸೇರಿಸಲು ನೆಪವಾಗುತ್ತದೆ. ಮೊದಲ ವಾರ ನೀವೇ ಜೊತೆಗೆ ಹೋಗಿ, ಪೂರ್ತಿ ದಿನ ಆಗದಿದ್ದರೆ ಬಿಸಿಯೂಟದವರೆಗಾದರೂ ಇರಿ, ಹಾಜರಿ ಕರೆಯುವಾಗ ಅವಳು ಕೈ ಎತ್ತಲಿ. ಇವತ್ತು ರಾತ್ರಿ ಅವಳು ಕೇಳಿದರೆ, ಇದೆ ಎನ್ನಿ.